ಕುಂಟೋರಿಗೆ ವಾಕಿಂಗ್ ಹೇಳೋರಿಗೆ

ಈ ವಾರ ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಬರೀತೀನಿ ಅಂದಿದ್ದೆ. ಫೋಟೋ ಎಲ್ಲ ತೆಗೆದಿಟ್ಟಿದೀನಿ, ಮುಂದಿನ ವಾರ ಹಾಕ್ತೀನಿ. ಇವತ್ತು ತೋಟದ ವಿಷ್ಯ ಅಲ್ಲ, ಹೊಟ್ಟೆ ವಿಷ್ಯ. ಸ್ವಲ್ಪ ಉದ್ದ ಆಗುತ್ತೆ, ಟೀ ಇಟ್ಕೊಂಡು ಓದಿ. ಸಕ್ಕರೆ ಹಾಕ್ಬೇಡಿ, ಯಾಕೆ ಅಂತ ಕೆಳಗೆ ಹೇಳ್ತೀನಿ.

ಭಾನುವಾರ ನಮ್ಮೂರ ಡೇರಿ ಮುಂದೆ ಆರೋಗ್ಯ ಶಿಬಿರ ಇತ್ತು. ಬಿಪಿ, ಶುಗರ್, ತೂಕ ಎಲ್ಲ ನೋಡಿದ್ರು. ಒಳ್ಳೇ ಕೆಲ್ಸ, ಇಲ್ಲ ಅನ್ನಲ್ಲ. ನಮ್ಮ ಬೀದಿ ಅಕ್ಕ ಒಬ್ರು ಕೋಲು ಊರ್ಕೊಂಡು ಬಂದಿದ್ರು. ಅವರಿಗೆ ಎರಡೂ ಮಂಡಿ ಸವೆದಿದೆ, ಹತ್ತು ಹೆಜ್ಜೆ ಹಾಕಿದ್ರೆ ಒಂದ್ಸಲ ನಿಲ್ತಾರೆ. ತೂಕದ ಮಿಷನ್ ಮೇಲೆ ಹತ್ತೋಕೇ ಇಬ್ರು ಹಿಡ್ಕೋಬೇಕಾಯ್ತು. ಅಲ್ಲಿ ಕೂತಿದ್ದ ಡಾಕ್ಟ್ರು ಚೀಟಿಯಿಂದ ತಲೆ ಎತ್ತದೆ ಹೇಳಿದ್ರು: "ತೂಕ ಜಾಸ್ತಿ ಇದೆಯಮ್ಮ, ಇಳಿಸ್ಬೇಕು. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ವಾಕಿಂಗ್ ಮಾಡಿ." ಅಕ್ಕ "ಹೂಂ ಸಾರ್" ಅಂದ್ರು. ಹಿಂದೆ ನಿಂತಿದ್ದ ಒಬ್ಬ, "ಅಕ್ಕ ವಾಕಿಂಗ್ ಹೊರಟ್ರೆ ಪಂಚಾಯ್ತಿಯೋರು ರೋಡು ರಿಪೇರಿ ಮಾಡಿಸ್ಬೇಕಾಗುತ್ತೆ" ಅಂದ. ಎಲ್ರೂ ನಕ್ರು. ಅಕ್ಕಾನೂ ನಕ್ರು. ಅವರು ನಕ್ಕಿದ್ದು ನೋಡಿ ನಂಗೆ ಹೊಟ್ಟೆಯೊಳಗೆ ಕಲಸಿದಂಗಾಯ್ತು. ಅಲ್ಲಿ ಜಗಳ ಆಡೋಕೆ ಧೈರ್ಯ ಬರ್ಲಿಲ್ಲ. ಇಲ್ಲಿ ಆಡ್ತೀನಿ.

ನಾನೂ ಅದೇ ಲೈನಲ್ಲಿ ನಿಂತೋನು. ಹಳಬರಿಗೆ ಗೊತ್ತಿದೆ, ಹೊಸಬರಿಗಾಗಿ ಹೇಳ್ತೀನಿ. ಆರು ವರ್ಷದ ಹಿಂದೆ ಅಟ್ಟಕ್ಕೆ ಕಾಯಿ ತುಂಬೋವಾಗ ಏಣಿ ಜಾರಿ ಬಿದ್ದೆ. ಬಲಗಾಲು ಮಂಡಿ ಕೆಳಗೇ ಮುರೀತು. ಪ್ಲೇಟು, ಸ್ಕ್ರೂ ಹಾಕಿದ್ರು. ಮೂಳೆ ಕೂಡ್ತು, ಮಂಡಿ ಕೂಡ್ಲಿಲ್ಲ. ಈಗಲೂ ಪೂರ್ತಿ ಮಡಚೋಕೆ ಆಗಲ್ಲ, ಹತ್ತು ನಿಮಿಷ ನಿಂತ್ರೆ ಊದುತ್ತೆ. ಬೀಳೋಕೆ ಮುಂಚೆ ನನ್ನ ತೂಕ 72 ಕೆಜಿ. ಮೂರು ವರ್ಷ ಕಳೆಯೋದ್ರೊಳಗೆ 96. ಮಂಡಿ ತೋರಿಸೋಕೆ ಹೋದ ಆಸ್ಪತ್ರೆಯಲ್ಲಿ "ಸವೆತ ಜಾಸ್ತಿ ಆಗಿದೆ, ಮುಂದೆ ಮಂಡಿ ಬದಲಾಯಿಸ್ಬೇಕಾಗುತ್ತೆ, ಅದಕ್ಕೆ ಮುಂಚೆ ತೂಕ ಇಳಿಸ್ಕೊಂಡು ಬನ್ನಿ" ಅಂದ್ರು. ಹೆಂಗೆ ಇಳಿಸೋದು ಸಾರ್ ಅಂದೆ. "ವಾಕಿಂಗ್ ಮಾಡಿ" ಅಂದ್ರು.

ತೂಕ ಇಳಿಸೋಕೆ ನಡೀಬೇಕು. ನಡೆಯೋಕೆ ಮಂಡಿ ಬೇಕು. ಮಂಡಿ ಬೇಕಂದ್ರೆ ತೂಕ ಇಳಿಸ್ಕೊಂಡು ಬರಬೇಕು. ಹಳೇ ಸಾಲ ತೀರಿಸಿದ್ರೆ ಹೊಸ ಸಾಲ ಕೊಡ್ತೀವಿ ಅಂತ ಬ್ಯಾಂಕ್‌ನೋರು ಹೇಳಿದಂಗೆ. ದುಡ್ಡಿದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ ಮಾರಾಯ?

ಆದ್ರೂ ಮಾತು ಕೇಳೋ ಜಾತಿ ನಾವು. ಎರಡು ತಿಂಗಳು ನಡೆದೆ. ಬೆಳಿಗ್ಗೆ ಅರ್ಧ ಗಂಟೆ ಕೆರೆ ಏರಿ ಮೇಲೆ ಹಲ್ಲು ಕಚ್ಕೊಂಡು ನಡೆಯೋದು, ಆಮೇಲೆ ಮಧ್ಯಾಹ್ನದವರೆಗೂ ಕಾಲು ದಿಂಬಿನ ಮೇಲೆ ಇಟ್ಕೊಂಡು ಮಲಗೋದು. "ಇವತ್ತು ನಡೆದಿದೀನಲ್ಲ" ಅಂತ ತಿಂಡಿಗೆ ಇನ್ನೊಂದು ದೋಸೆ. ಎರಡು ತಿಂಗಳಿಗೆ ಒಂದು ಕೆಜಿ ಇಳೀತು, ಮಂಡಿ ಊದ್ಕೊಂಡು ಹದಿನೈದು ದಿನ ಮಲಗಿದ್ದಕ್ಕೆ ಅದೂ ವಾಪಸ್ ಬಂತು. ಆಗ ನಂಗೆ ನನ್ನ ಮೇಲೇ ಅಸಹ್ಯ ಆಯ್ತು. ನಾನು ಸೋಮಾರಿ, ನನ್ನ ಕೈಲಿ ಏನೂ ಆಗಲ್ಲ ಅಂತ ಟಿವಿ ಮುಂದೆ ಕೂತೆ. ನಾಲ್ಕೈದು ತಿಂಗಳು ಯಾರ ಮದ್ವೆಗೂ ಹೋಗ್ಲಿಲ್ಲ. ಇದನ್ನ ಯಾರಿಗೂ ಹೇಳಿರ್ಲಿಲ್ಲ, ಇಲ್ಲಿ ಮೊದಲ್ನೇ ಸಲ ಬರೀತಿದೀನಿ.

ಈಗ ಲೆಕ್ಕಕ್ಕೆ ಬರೋಣ. 90 ಕೆಜಿ ತೂಗೋನು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದ್ರೆ ಖರ್ಚಾಗೋದು ಹೆಚ್ಚು ಕಮ್ಮಿ 150 ಕ್ಯಾಲೊರಿ. ಮೈಮೇಲಿನ ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ಭಾಗಿಸಿ ನೋಡಿ. ಒಂದಿನಾನೂ ತಪ್ಪಿಸದೆ, ಒಂದು ತುತ್ತೂ ಹೆಚ್ಚಿಗೆ ತಿನ್ನದೆ 51 ದಿನ ನಡೆದ್ರೆ ಒಂದು ಕೆಜಿ. ಕಾಲು ನೆಟ್ಟಗಿರೋನ ಲೆಕ್ಕ ಇದು. ಕುಂಟೋನು ಅರ್ಧ ಗಂಟೆಯಲ್ಲಿ ಎಷ್ಟು ದೂರ ಹೋಗ್ತಾನೆ, ನೀವೇ ಹೇಳಿ. ನಡಿಗೆ ಹೃದಯಕ್ಕೆ ಒಳ್ಳೇದು, ಶುಗರ್‌ಗೆ ಒಳ್ಳೇದು, ಮನಸ್ಸಿಗೂ ಒಳ್ಳೇದು. ಆಗೋರು ಖಂಡಿತ ನಡೀರಿ, ನಾನು ಬೇಡ ಅನ್ನಲ್ಲ. ಆದ್ರೆ ತೂಕಕ್ಕೆ ಅದೊಂದೇ ದಾರಿ ಅಂತ ನಡೆಯೋಕಾಗದೋರ ಮುಂದೆ ಹೇಳೋದು ಸುಳ್ಳು. ಆ ಸುಳ್ಳು ನಂಬಿ ಎಷ್ಟೋ ಜನ "ನಂಗಂತೂ ನಡೆಯೋಕಾಗಲ್ಲ, ಇನ್ನು ಇಳಿಯೋ ಮಾತೇ ಇಲ್ಲ" ಅಂತ ಕೈಬಿಟ್ಟಿದಾರೆ. ನಾನೂ ಬಿಟ್ಟಿದ್ದೆ.

ನಂಗೆ ಬುದ್ಧಿ ಬಂದಿದ್ದು ಕೊಟ್ಟಿಗೆಯಲ್ಲಿ. ನಮ್ಮ ಎಚ್‌ಎಫ್ ಹಸು ಹಾಲು ಬತ್ತಿತ್ತು. ಮಗ ಗೊತ್ತಿಲ್ದೆ ಹಾಲು ಕೊಡೋವಾಗ ಹಾಕ್ತಿದ್ದಷ್ಟೇ ಫೀಡು ಹಾಕ್ತಾ ಇದ್ದ. ನಾನು ಬೈದೆ: "ಲೋ, ಮೈಗೆ ಅಂತ ಒಂದೂವರೆ ಕೆಜಿ, ಆಮೇಲೆ ಲೀಟರ್ ಹಾಲಿಗೆ ಅರ್ಧ ಕೆಜಿ ಲೆಕ್ಕ. ಹಾಲೇ ಇಲ್ಲ ಅಂದ್ಮೇಲೆ ಇಷ್ಟು ಯಾಕೋ ಸುರೀತೀಯ? ಕೊಬ್ಬು ಕಟ್ಕೊಂಡು ಕರು ಹಾಕೋವಾಗ ಒದ್ದಾಡುತ್ತೆ." ಅವನು ಬಕೆಟ್ ಕೆಳಗಿಟ್ಟು ನನ್ನ ಹೊಟ್ಟೆ ನೋಡಿದ. ಏನೂ ಅನ್ಲಿಲ್ಲ, ಬರೀ ನೋಡಿದ. ಕೋಪ ನೆತ್ತಿಗೇರ್ತು. ರಾತ್ರಿ ಮಲಗಿದಾಗ ಅನ್ನಿಸ್ತು, ಮುಂಡೇದು ಸರಿಯಾಗೇ ನೋಡ್ತು ಅಂತ.

ಬೀಳೋಕೆ ಮುಂಚೆ ನಾನು ದಿನಕ್ಕೆ ಎಂಟು ಗಂಟೆ ಮೈ ಬಗ್ಗಿಸಿದೋನು. ಪಾತಿ ಮಾಡೋದು, ಕಾಯಿ ಹೊರೋದು, ರಾತ್ರಿ ಕರೆಂಟ್ ಬಂದಾಗ ಎದ್ದು ಮೋಟಾರ್ ಹಾಕೋಕೆ ಹೋಗೋದು. ಮಧ್ಯಾಹ್ನ ಎರಡು ಮುದ್ದೆ ಮೇಲೆ ಅನ್ನ, ರಾತ್ರಿ ಒಂದು ಮುದ್ದೆ ಮೇಲೆ ಅನ್ನ. ಅದು ಆ ಕೆಲಸದ ಊಟ. ಬಿದ್ದ ಮೇಲೆ ಕೆಲಸ ನಿಲ್ತು. ಮೋಟಾರೂ ಮೊಬೈಲಲ್ಲೇ ಆನ್ ಆಗುತ್ತೆ. ಊಟ ಮಾತ್ರ ಹಂಗೇ ಉಳೀತು. ಹಸುಗೆ ಲೆಕ್ಕ ಹಾಕೋ ನಾವು ನಮ್ಗೆ ಯಾಕೆ ಹಾಕಲ್ಲ?

ಇನ್ನು ಕೊಬ್ಬರಿ. ತಿಪಟೂರು ಕಡೆಯೋರಿಗೆ ಇದು ಬೇಜಾರಾಗ್ಬಹುದು. ಕಾಲು ಹೋದ ಮೇಲೆ ಮನೆಯೋರು ನಂಗೆ ಕೂತು ಮಾಡೋ ಕೆಲ್ಸ ಕೊಟ್ರು. ಅಟ್ಟದಿಂದ ಇಳಿಸಿದ ಕಾಯಿ ಒಡೆದು ಚಿಪ್ಪು ಬಿಡಿಸೋದು, ಉಂಡೆ ಕೊಬ್ಬರಿ ಬೇರೆ, ಒಡೆದಿದ್ದು ಬೇರೆ ಮಾಡೋದು. ಒಡೆದ ಚೂರು ಎಲ್ಲಿಗೆ ಹೋಗುತ್ತೆ? ಬಾಯಿಗೆ. ಜೊತೆಗೊಂದು ಚೂರು ಬೆಲ್ಲ. 100 ಗ್ರಾಂ ಒಣ ಕೊಬ್ಬರಿಯಲ್ಲಿ 650 ಕ್ಯಾಲೊರಿ ಮೇಲೇ ಇದೆ. ಒಂದಿನ ನಾನು ಬಾಯಿಗೆ ಹಾಕ್ಕೊಳ್ಳೋ ಬದಲು ಎಲ್ಲಾ ಚೂರನ್ನೂ ಒಂದು ಬಟ್ಟಲಿಗೆ ಹಾಕ್ತಾ ಹೋದೆ. ಸಂಜೆ ತೂಗಿದ್ರೆ 80 ಗ್ರಾಂ! 500 ಕ್ಯಾಲೊರಿ ಮೇಲೆ ಆಯ್ತು. ಕೆರೆ ಏರಿ ಮೇಲೆ ಹಲ್ಲು ಕಚ್ಕೊಂಡು ನಡೆದಿದ್ನಲ್ಲ, ಅಂಥ ಮೂರು ದಿನದ ನಡಿಗೆಯನ್ನ ಒಂದೇ ದಿನ ಅಗಿದು ನುಂಗಿದೀನಿ, ಅದೂ ಊಟದ ಲೆಕ್ಕಕ್ಕೇ ಬರದಂಗೆ. ಕೊಬ್ಬರಿ ಕೆಟ್ಟದ್ದು ಅಂತ ಹೇಳ್ತಿಲ್ಲ, ನಾನೂ ಅದನ್ನೇ ಮಾರಿ ಬದುಕೋನು. ಕೆಲಸಕ್ಕೆ ಕೂರೋವಾಗ ಬಾಯಿಗೆ ಒಂದು ಲವಂಗ ಹಾಕ್ಕೊಳ್ಳಿ ಅಂತ ಹೇಳ್ತಿದೀನಿ.

ಟೀನೂ ಅಷ್ಟೆ. ಒಂದು ಲೋಟಕ್ಕೆ ಎರಡು ಚಮಚ ಅಂದ್ರೆ 10 ಗ್ರಾಂ ಸಕ್ಕರೆ, 40 ಕ್ಯಾಲೊರಿ. ನಾನು ದಿನಕ್ಕೆ ಆರು ಲೋಟ ಕುಡೀತಿದ್ದೆ, ಸಕ್ಕರೆಯೇ 240. ಬೆಲ್ಲದ ಟೀ ಅಂತ ಸಮಾಧಾನ ಮಾಡ್ಕೋಬೇಡಿ, ಬೆಲ್ಲಕ್ಕೂ ಸಕ್ಕರೆಗೂ ಈ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಈಗ ಮೂರು ಲೋಟ, ಸಕ್ಕರೆ ಇಲ್ಲ. ಮೊದಲ ಹತ್ತು ದಿನ ಕಷಾಯ ಕುಡಿದಂಗಿತ್ತು.

ಇನ್ನೊಂದು ವಿಷ್ಯಕ್ಕೆ ನೀವು ಕಲ್ಲು ಹೊಡೀತೀರ, ಹೊಡೀರಿ. "ಮುದ್ದೆ ತಿಂದ್ರೆ ದಪ್ಪ ಆಗಲ್ಲ, ಅನ್ನ ತಿಂದ್ರೆ ಆಗ್ತಾರೆ" ಅಂತ ನಾವೆಲ್ಲ ನಂಬಿದೀವಿ. 100 ಗ್ರಾಂ ರಾಗಿ ಹಿಟ್ಟೂ 100 ಗ್ರಾಂ ಅಕ್ಕಿಯೂ ಕ್ಯಾಲೊರಿಯಲ್ಲಿ ಹೆಚ್ಚು ಕಮ್ಮಿ ಒಂದೇ, ಎರಡೂ 320ರಿಂದ 350ರ ಆಸುಪಾಸು. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಬಹಳ ಜಾಸ್ತಿ, ಹೊಟ್ಟೆ ತುಂಬಿದಂಗೆ ಹೆಚ್ಚು ಹೊತ್ತು ಇರುತ್ತೆ. ಅದಕ್ಕೇ ರಾಗಿ ಒಳ್ಳೇದು. ಆದ್ರೆ ಮಕ್ಕಳಾಡೋ ಚೆಂಡಿನಷ್ಟು ದಪ್ಪದ್ದು ಎರಡು ಮುದ್ದೆ ನುಂಗಿ ಮೇಲೊಂದು ತಟ್ಟೆ ಅನ್ನ ತಿಂದ್ರೆ ರಾಗಿಯಮ್ಮ ಕಾಪಾಡಲ್ಲ.

ನಾನು ಮಾಡಿದ್ದು ಇಷ್ಟು. ಮಧ್ಯಾಹ್ನ ಮುಂಚಿನ ಅರ್ಧ ಗಾತ್ರದ್ದು ಒಂದೇ ಮುದ್ದೆ. ರಾತ್ರಿ ಮುದ್ದೆ ಇಲ್ಲಾಂದ್ರೆ ಅನ್ನ, ಎರಡೂ ಇಲ್ಲ. ಅದರ ಬದಲು ತಟ್ಟೆಯಲ್ಲಿ ಸೊಪ್ಪು, ಕಾಳು ಎರಡು ಪಾಲು. ಬಸ್ಸಾರು ಮಾಡಿದ ದಿನ ನಂಗೆ ಹಬ್ಬ, ಮೊದಲು ಒಂದು ದೊಡ್ಡ ಬಟ್ಟಲು ಪಲ್ಯ ತಿಂದು ಆಮೇಲೆ ಮುದ್ದೆಗೆ ಕೈ ಹಾಕ್ತೀನಿ, ಅಷ್ಟೊತ್ತಿಗೆ ಅರ್ಧ ಹಸಿವು ಹೋಗಿರುತ್ತೆ. ಹುರುಳಿಕಾಳು, ಅಲಸಂದೆ, ಮೊಳಕೆ ಹೆಸರುಕಾಳು, ದಿನಕ್ಕೆ ಒಂದೆರಡು ಮೊಟ್ಟೆ, ಮಜ್ಜಿಗೆ. ಕಾಳು, ಮೊಟ್ಟೆ ಯಾಕೆ ಬಿಡಬಾರದು ಅಂದ್ರೆ, ಕೂತಲ್ಲೇ ಇರೋರು ಬರೀ ಊಟ ಬಿಟ್ಟು ತೂಕ ಇಳಿಸಿದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗುತ್ತೆ. ಮೊದಲೇ ನಿಶ್ಶಕ್ತ ಕಾಲು, ಇನ್ನೂ ಸೋತು ಹೋಗುತ್ತೆ. ಒಪ್ಪತ್ತು ಉಪವಾಸ ಮಾಡ್ತೀನಿ ಅಂತ ಹೊರಡೋ ಅಕ್ಕಂದಿರು ಇದನ್ನ ಗಮನಿಸಿ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರಂತೂ ಡಾಕ್ಟ್ರಿಗೆ ಹೇಳದೆ ಊಟ ಕಡಿಮೆ ಮಾಡ್ಲೇಬಾರದು. ಶುಗರ್ ಇಳಿದು ತಲೆ ತಿರುಗಿ ಬಿದ್ರೆ ಇರೋ ಇನ್ನೊಂದು ಕಾಲೂ ಹೋಗುತ್ತೆ.

ಮನೆಯಲ್ಲಿ ರಾಮಾಯಣ ಆಯ್ತು. ಮೊದಲ್ನೇ ದಿನ ಅರ್ಧ ಮುದ್ದೆ ಸಾಕು ಅಂದಿದ್ದಕ್ಕೆ ನಮ್ಮವ್ವ ತಟ್ಟೆ ಮುಂದೆ ಕೂತು ಅತ್ತಳು. "ಕಾಲಂತೂ ಹೋಯ್ತು, ಉಣ್ಣೋದೂ ಬಿಟ್ಟರೆ ಏನಿದೆಯೋ ನಿಂಗೆ" ಅಂದಳು. ನಮ್ಮ ಕಡೆ ಪ್ರೀತಿ ತೋರಿಸೋದೇ ಮುದ್ದೆ ಗಾತ್ರದಲ್ಲಿ ಅಲ್ವಾ. ನೆಂಟರ ಮನೆಗೆ ಹೋದ್ರೆ ಕೈ ಅಡ್ಡ ಹಿಡಿದ್ರೂ ತುಪ್ಪ ಬೀಳುತ್ತೆ. ಬೇಡ ಅಂದೋನು ಅಹಂಕಾರಿ. ಆಮೇಲೆ ಅದೇ ನೆಂಟರು ಬೆನ್ನ ಹಿಂದೆ "ಏನ್ ಊದ್ಬಿಟ್ಟಿದಾನಪ್ಪ" ಅಂತಾರೆ. ಬಡಿಸೋರೂ ನೀವೇ, ನಗೋರೂ ನೀವೇ. ಎರಡರಲ್ಲಿ ಒಂದಾದ್ರೂ ಬಿಡಿ. ಅವ್ವನ್ನ ಒಪ್ಪಿಸಿದ್ದು ನಾನಲ್ಲ, ನಮ್ಮನೆಯಾಕೆ. ಮನೆ ಮಂದಿಗೆಲ್ಲ ಮುದ್ದೆ ಸಣ್ಣದು ಕಟ್ಟಿ, ಪಲ್ಯ ಜಾಸ್ತಿ ಮಾಡಿದಳು. ಒಬ್ಬನಿಗೆ ಬೇರೆ ಅಡುಗೆ ಅಂತ ಮಾಡಿದ್ರೆ ವಾರ ನಡೆಯಲ್ಲ.

ಮಾತ್ರೆ ವಿಷ್ಯ ಹೇಳ್ಲೇಬೇಕು. ಮಂಡಿನೋವು, ಸೊಂಟನೋವಿಗೆ ಅಂತ ಕವರಲ್ಲಿ ಹೆಸರಿಲ್ಲದ ಮಾತ್ರೆ ಕಟ್ಟಿಕೊಡೋರು, ಸಂತೆ ದಿನ ಸೂಜಿ ಚುಚ್ಚೋರು ಎಲ್ಲಾ ಊರಲ್ಲೂ ಇದಾರೆ. ಒಂದೇ ದಿನಕ್ಕೆ ನೋವು ಮಂಗಮಾಯ, ಹಸಿವು ಎರಡು ಪಟ್ಟು, ಸ್ವಲ್ಪ ದಿನಕ್ಕೆ ಮುಖ ಗುಂಡಗೆ ಆಗುತ್ತೆ ಅಂದ್ರೆ ಅದರಲ್ಲಿ ಸ್ಟೀರಾಯ್ಡ್ ಇದೆಯಾ ಅಂತ ಅನುಮಾನ ಪಡ್ಬೇಕು. ಅದು ತೂಕಾನೂ ಏರಿಸುತ್ತೆ, ಶುಗರ್ರೂ ಏರಿಸುತ್ತೆ, ಮೂಳೆಯನ್ನೂ ಪೊಳ್ಳು ಮಾಡುತ್ತೆ. ಬಹಳ ದಿನದಿಂದ ತಗೊಳ್ತಿರೋರು ಇದನ್ನ ಓದಿ ನಾಳೆಯಿಂದಲೇ ನಿಲ್ಲಿಸ್ಬೇಡಿ, ತಟ್ಟನೆ ನಿಲ್ಲಿಸಿದ್ರೂ ಪ್ರಾಣಕ್ಕೆ ಅಪಾಯ. ಕವರ್ ಸಮೇತ ಒಳ್ಳೇ ಡಾಕ್ಟ್ರ ಹತ್ರ ಹೋಗಿ ನಿಧಾನಕ್ಕೆ ಬಿಡಿ. ನ್ಯಾಯವಾಗಿ ಬರ್ಕೊಡೋ ಮಾತ್ರೆಗಳಲ್ಲೂ ತೂಕ ಏರಿಸೋವು ಇವೆ. ನರದ ನೋವಿಗೆ ಕೊಡೋ ಪ್ರಿಗ್ಯಾಬಲಿನ್, ನೋವಿಗೂ ನಿದ್ದೆಗೂ ಕೊಡೋ ಅಮಿಟ್ರಿಪ್ಟಿಲಿನ್, ಶುಗರ್‌ಗೆ ಕೊಡೋ ಗ್ಲಿಮಿಪಿರೈಡ್, ಇನ್ಸುಲಿನ್ ಇವುಗಳಿಂದ ತೂಕ ಹೆಚ್ಚಾಗ್ಬಹುದು. ಬಿಡಿ ಅಂತ ಹೇಳ್ತಿಲ್ಲ. "ಸಾರ್, ಇದ್ರಿಂದ ತೂಕ ಬರುತ್ತಾ, ಬೇರೆ ಇದೆಯಾ" ಅಂತ ಬಾಯಿ ಬಿಟ್ಟು ಕೇಳಿ. ಮಾತ್ರೆ ಬರ್ಕೊಟ್ಟೋರೇ ಆರು ತಿಂಗಳಾದ ಮೇಲೆ "ಏನ್ರೀ ಇಷ್ಟು ದಪ್ಪ ಆಗಿದೀರ" ಅಂದ್ರೆ ಯಾರನ್ನ ಕೇಳೋದು?

ತಿಂಗಳಿಗೆ ಸಾವಿರಾರು ರೂಪಾಯಿ ಡಬ್ಬಿ ಪುಡಿ ಮಾರೋರ ಬಗ್ಗೆ ಬರೆದು ಬೆರಳು ನೋಯಿಸ್ಕೊಳ್ಳಲ್ಲ. ಆ ದುಡ್ಡಿಗೆ ಎಷ್ಟು ಮೊಟ್ಟೆ ಬರುತ್ತೆ ಲೆಕ್ಕ ಹಾಕಿ.

ಹಂಗಾದ್ರೆ ವ್ಯಾಯಾಮ ಬೇಡ್ವಾ ಅಂದ್ರೆ, ಬೇಕು. ಬೇರೆ ಥರದ್ದು. ಕಾಲು ಚಾಚಿ ಮಂಚದ ಮೇಲೆ ಕೂತು, ಮಂಡಿ ಕೆಳಗೆ ಸುತ್ತಿದ ಟವಲ್ ಇಟ್ಟು ಅದನ್ನ ಕೆಳಕ್ಕೆ ಒತ್ತಿ ಐದು ಎಣಿಸೋದು. ಕುರ್ಚಿ ಮೇಲೆ ಕೂತು ಒಂದೊಂದೇ ಕಾಲು ನೆಟ್ಟಗೆ ಎತ್ತಿ ಹಿಡಿಯೋದು. ಒಂದೊಂದು ಲೀಟರ್ ನೀರಿನ ಬಾಟ್ಲಿ ಕೈಯಲ್ಲಿ ಹಿಡಿದು ಮೇಲೆತ್ತಿ ಇಳಿಸೋದು. ನಂಗೆ ಜಿಲ್ಲಾಸ್ಪತ್ರೆ ಫಿಸಿಯೋಥೆರಪಿಯಲ್ಲಿ ಒಬ್ಬ ಹುಡುಗಿ ಹೇಳಿಕೊಟ್ಟಳು, ಹದಿನೈದು ನಿಮಿಷ ಪಕ್ಕದಲ್ಲೇ ಕೂತು ತಾಳ್ಮೆಯಿಂದ ತೋರಿಸಿದಳು, ಅವಳ ಹೊಟ್ಟೆ ತಣ್ಣಗಿರಲಿ. ಇದ್ರಿಂದ ತೂಕ ಅಷ್ಟೇನೂ ಇಳಿಯಲ್ಲ, ತೊಡೆ ಗಟ್ಟಿ ಆಗುತ್ತೆ, ಮಂಡಿ ಮೇಲಿನ ಏಟು ತೊಡೆ ತಡೀತದೆ. ನಿಮ್ಮ ನೋವು ಬೇರೆ ಇರ್ಬಹುದು, ಒಂದ್ಸಲ ತೋರಿಸ್ಕೊಂಡು ಕಲೀರಿ. ನೀರಲ್ಲಿ ನಡೆದ್ರೆ ಮಂಡಿಗೆ ಭಾರ ಬೀಳಲ್ಲ ಅಂತ ಹೇಳ್ತಾರೆ, ನಿಜ, ಎದೆಮಟ್ಟದ ನೀರಲ್ಲಿ ಮೈಭಾರ ಮೂರನೇ ಒಂದು ಪಾಲಿಗೂ ಕಮ್ಮಿ ಆಗುತ್ತೆ. ಅದಕ್ಕೆ ಅಂತ ಕೃಷಿ ಹೊಂಡಕ್ಕೆ ಇಳಿದೀರಾ ಜೋಕೆ! ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕಾಲು ನೆಟ್ಟಗಿರೋರೇ ಜಾರಿ ಮೇಲೆ ಬರೋಕಾಗದೆ ಸತ್ತಿದಾರೆ.

ತೂಕ ನೋಡೋದು ಹೆಂಗೆ ಅಂತ ಹೋದ ಸಲ ಒಬ್ರು ಕೇಳಿದ್ರಿ. ಒಂಟಿ ಕಾಲಲ್ಲಿ ಅಲ್ಲಾಡ್ಕೊಂಡು ಸಣ್ಣ ಮಿಷನ್ ಮೇಲೆ ನಿಲ್ಬೇಡಿ. ನಮ್ಮಲ್ಲಿ ಕೊಬ್ಬರಿ ಚೀಲ ತೂಗೋ ಅಗಲದ ತಕ್ಕಡಿ ಇದೆಯಲ್ಲ, ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಸೊನ್ನೆ ಮಾಡಿ, ಆಮೇಲೆ ಕೂತ್ಕೊಳ್ಳಿ. ವಾರಕ್ಕೊಂದೇ ಸಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ತಕ್ಕಡಿ ಇಲ್ಲದೋರು ಟೈಲರ್ ಟೇಪಲ್ಲಿ ಸೊಂಟ ಅಳೀರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅಂತ ಲೆಕ್ಕ. ನಂದು ಇನ್ನೂ ದಾಟೇ ಇದೆ, ಮುಚ್ಚಿಡಲ್ಲ.

ಹದಿನಾಲ್ಕು ತಿಂಗಳಲ್ಲಿ 96ರಿಂದ 84ಕ್ಕೆ ಬಂದಿದೀನಿ. ಮಧ್ಯೆ ಎರಡು ತಿಂಗಳು, ಜಾತ್ರೆ ಮತ್ತೆ ತಂಗಿ ಮಗಳ ಮದ್ವೆ ಟೈಮಲ್ಲಿ, ಒಂದು ಗ್ರಾಮೂ ಅಲ್ಲಾಡ್ಲಿಲ್ಲ. 12 ಕೆಜಿ ಏನು ಮಹಾ ಅನ್ನಬಹುದು. ಮಂಡಿ ಸವೆದೋರ ಮೇಲೆ ಅಳತೆ ಮಾಡಿ ನೋಡಿದ ಲೆಕ್ಕ ಇದೆ: ಮೈತೂಕ ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಯಲ್ಲೂ ಮಂಡಿ ಮೇಲೆ ಬೀಳೋ ಭಾರ ಸುಮಾರು ನಾಲ್ಕು ಕೆಜಿ ಕಡಿಮೆ ಆಗುತ್ತೆ. ಹನ್ನೆರಡು ನಾಲ್ಕಲಿ 48. ಯೂರಿಯಾ ಮೂಟೆ 45 ಕೆಜಿ. ಒಂದೊಂದು ಹೆಜ್ಜೆಗೂ ಒಂದು ಮೂಟೆ ಯೂರಿಯಾ ಇಳಿಸಿದಂಗಾಯ್ತು. ಹೋದ ತಿಂಗಳಿಂದ ತೋಟದ ಮೊದಲನೇ ಸಾಲಿನವರೆಗೂ ಕೋಲಿಲ್ಲದೆ ಹೋಗಿ ಬರ್ತಿದೀನಿ. ನೋಡಿ, ನಡೆದು ತೂಕ ಇಳೀಲಿಲ್ಲ, ತೂಕ ಇಳಿದು ನಡೆಯೋಕಾಯ್ತು. ಆಪರೇಷನ್ ಮಾತು ಸದ್ಯಕ್ಕೆ ಮುಂದೆ ಹೋಗಿದೆ, ಬೇಕೇ ಆದ್ರೆ ಮಾಡಿಸ್ಕೋತೀನಿ.

ಡಾಕ್ಟ್ರುಗಳ ಮೇಲೆ ನಂಗೆ ದ್ವೇಷ ಇಲ್ಲ. ಅವತ್ತು ಆ ಟೇಬಲ್ ಮುಂದೆ ನೂರು ಜನ ಇದ್ರು, ಗೊತ್ತು. ಆದ್ರೆ "ಮುಕ್ಕಾಲು ಗಂಟೆ ವಾಕಿಂಗ್ ಮಾಡಿ" ಅನ್ನೋಕೆ ಹಿಡಿಯೋ ಟೈಮಲ್ಲೇ "ದಿನಾ ಏನೇನು ಊಟ ಮಾಡ್ತೀಯಮ್ಮ" ಅಂತಾನೂ ಕೇಳ್ಬಹುದು. ಕೈಯಲ್ಲಿ ಕೋಲಿದೆ, ಕಣ್ಣಿಗೆ ಕಾಣುತ್ತೆ. ಕಾಣದಿದ್ರೆ ತಲೆ ಎತ್ತಬೇಕು. ಇನ್ನು ರೋಡು ರಿಪೇರಿ ಜೋಕು ಹೇಳಿದ ತಮ್ಮ ಈ ಪೇಜ್ ಓದ್ತಾನೆ, ನಂಗೊತ್ತು. ಹೆಸರು ಹಾಕಲ್ಲ. ಆ ಅಕ್ಕ ಮಂಡಿ ಸವೆಸಿಕೊಂಡಿದ್ದು ಮೂವತ್ತು ವರ್ಷ ನಿಮ್ಮಂಥೋರ ಹೊಲದಲ್ಲಿ ಬಗ್ಗಿ ಕಳೆ ಕಿತ್ತು.

ನಿನ್ನೆ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಏನು ತಿಂತೀಯಕ್ಕ ಅಂತ ಕೇಳಿದೆ. ಬೆಳಿಗ್ಗೆ ಟೀ ಜೊತೆ ಬನ್ನು, ಮೊಮ್ಮಕ್ಕಳು ಬಿಟ್ಟ ತಿಂಡಿ, ಮಧ್ಯಾಹ್ನ ಮುದ್ದೆ, ಸಂಜೆ ಬೇಜಾರಿಗೆ ಹುರಿದ ಕಡ್ಲೇಕಾಯಿ, ರಾತ್ರಿ ಅನ್ನ. ಕಾಳು, ಪಲ್ಯ? "ಗಂಡಸರಿಗೆ, ಮಕ್ಕಳಿಗೆ ಬಡಿಸಿ ಉಳಿದ್ರೆ" ಅಂದ್ರು. ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿರ್ಲಿಲ್ಲವಂತೆ. ಸೊಸೆ ಪಕ್ಕದಲ್ಲೇ ನಿಂತು ಕೇಳಿಸ್ಕೊಂಡ್ಳು, ಇವತ್ತಿಂದ ಅತ್ತೆಗೆ ಮೊದಲು ಪಲ್ಯ ಎತ್ತಿಡ್ತೀನಿ ಅಂದ್ಳು. ಅವರು ಶುಗರ್ ಮಾತ್ರೆ ತಗೊಳ್ತಾರೆ, ಅದಕ್ಕೆ ಗುರುವಾರ ಪಿಎಚ್‌ಸಿಗೆ ಕರ್ಕೊಂಡು ಹೋಗಿ ಕೇಳ್ಕೊಂಡು ಬರೋದು ಅಂತ ಆಗಿದೆ. ಆಟೋ ನಾನು ಹೇಳಿದೀನಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕೊಬ್ಬರಿ ಶೆಡ್ಡಲ್ಲಿ ತಕ್ಕಡಿ, ಕುರ್ಚಿ ಎರಡೂ ಇರುತ್ತೆ. ಕಾಲು, ಸೊಂಟ, ಬೆನ್ನು ಯಾವುದು ಕೆಟ್ಟಿದ್ರೂ ಬನ್ನಿ. ಬಾಗಿಲು ಹಾಕ್ಕೊಂಡು ಒಬ್ಬೊಬ್ಬರದೇ ತೂಗೋಣ, ಸಂಖ್ಯೆ ನೀವೇ ಬರ್ಕೊಂಡು ಹೋಗಿ. ಟೀ ಕೊಡ್ತೀನಿ, ಸಕ್ಕರೆ ಮನೆಯಿಂದ ತರಬೇಡಿ.